ಬೀಡಿ ಸೇದದ ಚಿಕ್ಕಯ್ಯ

ಸಂಸೆಯಲ್ಲಿ ಬೀಡಿ ಚಿಕ್ಕಯ್ಯ ಎಂದರೆ ಎಲ್ಲರಿಗೂ ಗೊತ್ತು. ಆದರೆ ಆತ ಜನ್ಮದಲ್ಲಿ ಬೀಡಿ ಸೇದಿದವನಲ್ಲ. ಒಂಬತ್ತು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಅವನು ಬೆಂಕಿ ಕಾವಲಿಗಿದ್ದ ಗುಡ್ಡ ಸುಟ್ಟುಹೋಯಿತು. ‘ಕಾವಲುಗಾರನ ಬೀಡಿಯಿಂದ, ನೆತ್ತಿಯ ಗುಡಿಸಲಿನ ಬಳಿ ಹೊತ್ತಿತು’ ಎಂದು ಕಡತ ಸೇರಿತು. ಹಾಗೆ ಬರೆಸಿದವರು ಗುಡ್ಡದ ಮೂಡಣ ಬುಡದ ಎಸ್ಟೇಟಿನ ಯಜಮಾನ ಸೋಮಶೇಖರಪ್ಪ. ಅವರ ಆಳುಗಳು ಬೇಲಿ ಮೂಲೆಯ ಕಸಕ್ಕೆ ಬೆಂಕಿ ಕೊಟ್ಟದ್ದನ್ನು ಚಿಕ್ಕಯ್ಯ ಕಂಡಿದ್ದ. ಹೇಳಿದ, ಯಾರೂ ಕಿವಿಗೊಡಲಿಲ್ಲ. ಕೆಲಸ ಹೋಯಿತು. ಅಂಗಡಿಗೆ ಹೋದರೆ ಶೇಷಪ್ಪ, “ಬೆಂಕಿಪೊಟ್ಟಣ ಬೇಕೇನ ಮಾರಾಯ?” ಎನ್ನುತ್ತಿದ್ದ. ಚಿಕ್ಕಯ್ಯ ಉಪ್ಪು ಕಟ್ಟಿಸಿಕೊಂಡು ಬರುತ್ತಿದ್ದ. ಪ್ರತಿ ಫೆಬ್ರವರಿಯಲ್ಲೂ ಗುಡ್ಡ ಹತ್ತಿ ಆ ಬೇಲಿ ಮೂಲೆಯನ್ನು ನೋಡಿ ಬರುತ್ತಿದ್ದ, ಎಲ್ಲಿ ಮರೆತುಬಿಡುತ್ತೇನೋ ಎಂದು.

ಈ ವರ್ಷ ಕಾಲೇಜಿನಿಂದ ನಾಗಶ್ರೀ ಬಂದಳು. ಕಾಡ್ಗಿಚ್ಚು ಹೇಗೆ ಹಬ್ಬುತ್ತದೆಂದು ಹೇಳುವ ಕಂಪ್ಯೂಟರ್ ಲೆಕ್ಕ ಅವಳದು. ಅದನ್ನು ಪರೀಕ್ಷಿಸಲು ಹಳೆಯ ಬೆಂಕಿಗಳನ್ನು ಲ್ಯಾಪ್‌ಟಾಪ್ ತೆರೆಯ ಮೇಲೆ ಮತ್ತೆ ಹಚ್ಚಿ, ನಿಜವಾಗಿ ಸುಟ್ಟ ಜಾಗಕ್ಕೆ ಹೋಲಿಸುತ್ತಿದ್ದಳು. ದಾರಿ ತೋರಿಸಲು ಚಿಕ್ಕಯ್ಯ ಹೋದ.

“ಉಳಿದ ಬೆಂಕಿ ಎಲ್ಲಾ ಹೊಂದತ್ತೆ. ಇದು ಮಾತ್ರ ಕಡತದಲ್ಲಿರೋ ಹಾಗೆ ಗುಡಿಸಲಿಂದ ಹಚ್ಚಿದ್ರೆ ಪಡುವಣ ಕಣಿವೆಗೆ ಇಳಿಯತ್ತೆ. ಸುಟ್ಟಿದ್ದು ಮೂಡಣ ಮಗ್ಗುಲು. ಇದನ್ನ ಬಿಟ್ಟುಬಿಡ್ತೀನಿ,” ಎಂದಳು.

“ಬಿಡ್ಬೇಡಿ ಮೇಡಂ. ಅವತ್ತಿನ ಗಾಳಿ ನಿಮ್ಗೆ ಯಾರು ಹೇಳಿದ್ರು?”

“ಸೋಮಶೇಖರಪ್ಪನವರ ಮಳೆ ಪುಸ್ತಕ. ಮಳೆ ಇಲ್ದಿದ್ರೂ ಗಾಳೀನ ದಿನಾ ಅವ್ರೇ ಬರೀತಾರೆ. ‘ಮೂಡಣ ಗಾಳಿ, ಜೋರು’ ಅಂತಿದೆ.”

ಚಿಕ್ಕಯ್ಯ ಬೇಲಿ ಮೂಲೆಯತ್ತ ಬೆರಳು ಚಾಚಿದ. “ಅಲ್ಲಿಂದ ಹಚ್ಚಿ ನೋಡಿ.”

ಹಚ್ಚಿದಳು. ಚೀಲದಿಂದ ಆ ಮಳೆ ಪುಸ್ತಕ ತೆಗೆದು ತಾರೀಖನ್ನು ಮತ್ತೆ ನೋಡಿದಳು.

“ಪುಸ್ತಕ ವಾಪಸ್ ಕೊಡಕ್ಕೆ ನಾನೂ ಬರ್ತೀನಿ,” ಎಂದ ಚಿಕ್ಕಯ್ಯ.

ಸೋಮಶೇಖರಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. “ಏನಮ್ಮ, ನಿನ್ನ ಬೆಂಕಿ ಆಟ ನಮಗೂ ತೋರ್ಸು.”

ಯಾವಾಗಲೂ ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದ ಚಿಕ್ಕಯ್ಯ ಇಂದು ಜಗಲಿ ಹತ್ತಿದ. ತೆರೆಯಲ್ಲಿ ಬೇಲಿ ಮೂಲೆಯಿಂದ ಕೆಂಪು ಎದ್ದಿತು, ಗುಡ್ಡ ಹತ್ತಿತು, ಸುಟ್ಟ ಜಾಗದ ಗೆರೆಯೊಳಗೆ ಸರಿಯಾಗಿ ಹೋಗಿ ಕೂತಿತು.

ಸೋಮಶೇಖರಪ್ಪ ಲೋಟ ಕೆಳಗಿಟ್ಟರು. “ಸುಳ್ಳು. ಇದ್ಯಾವ ಗಾಳಿ?”

“ಗಾಳಿ ನಿಮ್ದೇ ಸಾವ್ಕಾರ್ರೇ,” ಚಿಕ್ಕಯ್ಯ ಪುಟ ತೆರೆದು ಅವರ ಮಡಿಲಲ್ಲಿಟ್ಟ. “ಕೈಬರಹಾನೂ.”

“ಬೆಂಕಿ ಎಲ್ಲಿಂದ ಬಂತು ಅಂತ ನಾನು ವರದೀಲಿ ಬರೀಲೇಬೇಕು ಸರ್,” ಎಂದಳು ನಾಗಶ್ರೀ, ಮೆಲ್ಲಗೆ.

“ಸಾಕು, ಮುಚ್ಚಮ್ಮ ಅದನ್ನ.”

“ಇನ್ನೊಂದ್ಸಲ ಹಾಕಿ ಮೇಡಂ,” ಚಿಕ್ಕಯ್ಯ ಕುರ್ಚಿ ಎಳೆದುಕೊಂಡು ಕೂತ. “ಸಾವ್ಕಾರ್ರಿಗೆ ಸರಿಯಾಗಿ ಕಂಡಿಲ್ಲ ಅನ್ಸತ್ತೆ.”