ಬಾಗಿಲ ಪಕ್ಕದ ಸಾಲು

ಪ್ರಾಣಿಗಳ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಮೊಲದಮ್ಮ ಎಂದೇ ಕರೆಯುತ್ತಿದ್ದರು. ಗೂಡು ತೊಳೆಯುವುದು, ಮೇವು ಹಾಕುವುದು ಅವಳ ಕೆಲಸ. ಬೈಯುವುದು ಸಂಬಳವಿಲ್ಲದೆ ಮಾಡುತ್ತಿದ್ದ ಸೇವೆ. ಕೆಸರು ಚಪ್ಪಲಿಯಲ್ಲಿ ಒಳಗೆ ಬಂದರೆ ಡಾಕ್ಟರನ್ನೂ ಬಿಡುತ್ತಿರಲಿಲ್ಲ. ಆದರೆ ಮೊಲವೊಂದು ಮೇವು ಬಿಟ್ಟರೆ ಸಾಕು, ಆ ಬಾಯಿಬಡುಕಿಯ ಕರುಳೇ ಹಿಂಡಿದಂತಾಗುತ್ತಿತ್ತು.

ಆ ವರ್ಷ ಡಾಕ್ಟರು ಎರಡು ಬಗೆಯ ಬಲೆಗಳನ್ನು ಹೋಲಿಸಿ ನೋಡಲು ಹೊರಟಿದ್ದರು. ಹೊಟ್ಟೆಯ ಗೋಡೆ ಹರಿದ ಪ್ರಾಣಿಗಳಿಗೆ ಒಳಗಿನಿಂದ ತೇಪೆ ಹಾಕುವ ಬಲೆ: ಒಂದು ಬರೀ ಪ್ಲಾಸ್ಟಿಕ್ ನೂಲಿನದು, ಇನ್ನೊಂದು ಕರುಳು ಅಂಟದಂತೆ ನುಣ್ಣನೆಯ ಪೊರೆ ಹಚ್ಚಿದ್ದು. ಎರಡು ಸಾಲಿನ ಮೊಲಗಳ ಹೊಟ್ಟೆಯೊಳಗೆ ಒಂದೊಂದು ಬಗೆ ಹೊಲಿದರು. ಯಾವ ಸಾಲಿಗೆ ಯಾವುದೆಂದು ಅವಳಿಗೆ ತಿಳಿಸಿರಲಿಲ್ಲ. "ಮೇವು ಹಾಕು, ಉಳಿದದ್ದು ತೂಗು. ಮುಟ್ಟೋ ಹಾಗಿಲ್ಲ," ಎಂದಿದ್ದರು.

ಬಾಗಿಲ ಪಕ್ಕದ ಸಾಲಿನವು ಮೇವು ಬಿಟ್ಟವು. ಬೆನ್ನು ಗೂನು ಮಾಡಿಕೊಂಡು ಮೂಲೆ ಸೇರಿದವು. ಡಾಕ್ಟರು ಅತ್ತ ಹೋದೊಡನೆ ಅವಳು ಒಂದೊಂದನ್ನೇ ಮಡಿಲಿಗೆ ಹಾಕಿಕೊಂಡು ಹೊಟ್ಟೆ ನೀವಿದಳು, ನೆಲದ ಮೇಲೆ ಓಡಾಡಿಸಿದಳು, ಸೊಪ್ಪನ್ನು ಬಾಯಿಗೇ ಹಿಡಿದಳು. ದಿನವೂ ಇದೇ. ಎಲ್ಲವೂ ಚೇತರಿಸಿಕೊಂಡವು. ಕೊನೆಗೆ ಕೊಯ್ದು ನೋಡಿದಾಗ ಯಾವ ಸಾಲಿನಲ್ಲೂ ಕರುಳು ಅಂಟಿರಲಿಲ್ಲ.

"ಎರಡೂ ಒಂದೇ. ಬರೀ ಪ್ಲಾಸ್ಟಿಕ್‌ದೇ ಸಾಕು," ಎಂದರು ಡಾಕ್ಟರು.

ತಾನು ಮುಟ್ಟಿದ್ದನ್ನು ಅವಳು ಹೇಳಲಿಲ್ಲ. ಒಳಗೊಳಗೇ ಹಿಗ್ಗಿದ್ದಳು. ಕೊನೆಗೆ ಕೊಲ್ಲುವುದಿತ್ತು, ನಿಜ. ಅಲ್ಲಿಯವರೆಗೆ ಒಂದನ್ನೂ ಉಪವಾಸ ಕೆಡವಿರಲಿಲ್ಲವಲ್ಲ.

ಕೆಲವು ತಿಂಗಳ ಮೇಲೆ ಅವಳ ಮಗಳು ಸಾಕಿದ ನಾಯಿಗೆ ಸ್ಕೂಟರ್ ಬಡಿದು ಹೊಟ್ಟೆಯ ಗೋಡೆ ಒಳಗೇ ಹರಿಯಿತು. ಡಾಕ್ಟರು ಹೊಲಿದು ಮುಗಿಸಿ ಕೈಗವಸು ಕಳಚುತ್ತಾ, "ಹೆದರ್ಬೇಡ ಮೊಲದಮ್ಮ. ಬಾಗಿಲ ಪಕ್ಕದ ಸಾಲಿಗೆ ಹಾಕಿದ್ನಲ್ಲ, ಅದೇ ಬಲೆ. ಎಷ್ಟು ಚೆನ್ನಾಗಿ ತಿಂದ್ಕೊಂಡಿದ್ವು!" ಎಂದರು.

ಮೇವು ಬಿಟ್ಟದ್ದು ಆ ಸಾಲೇ. ಆದರೂ ಹೇಳಲು ನಾಲಿಗೆ ಏಳಲಿಲ್ಲ. ನನ್ನ ಕೈಯಿದೆಯಲ್ಲ, ನೀವಿದರಾಯಿತು ಎಂದುಕೊಂಡಳು.

ನಾಯಿ ಮೊಲವಲ್ಲ. ಹೊಟ್ಟೆಗೆ ಕೈ ಇಟ್ಟರೆ ಗುರ್ರೆಂದು ಹಲ್ಲು ತೋರಿಸಿತು. ಅನ್ನ ಮೂಸಲಿಲ್ಲ, ಕುಡಿದ ನೀರನ್ನೂ ಕಕ್ಕಿತು. ಹೊಟ್ಟೆ ಉಬ್ಬಿ ಕಲ್ಲಾಗುತ್ತಾ ಬಂತು. ಮಗಳು ತಟ್ಟೆ ಹಿಡಿದು ಅದರ ಮುಂದೆ ಕೂತಲ್ಲೇ ಕೂತಿದ್ದಳು. ಅವಳ ಮುಖ ನೋಡಲು ಇವಳಿಗೆ ಭಯವಾಯಿತು.

ಕೊನೆಗೆ ನಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಮೇಜಿನ ಮೇಲೆ ಮಲಗಿಸುತ್ತಲೇ ಎಲ್ಲ ಹೇಳಿಬಿಟ್ಟಳು. "ನಾನು ಆ ಮೊಲಗಳನ್ನ ಮುಟ್ಟಿದ್ದೆ ಸಾರ್. ದಿನಾ ನೀವ್ತಿದ್ದೆ. ಅದೊಂದೇ ಸಾಲನ್ನ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನೀನು ನೀವಿದ್ದಕ್ಕೇ ಕರುಳು ಅಂಟಿರ್ಲಿಲ್ಲ. ಆವತ್ತಿಂದ ಎಷ್ಟು ಪ್ರಾಣಿಗೆ ಅದನ್ನೇ ಹಾಕಿ ಮನೆಗೆ ಕಳ್ಸಿದೀನಿ, ಗೊತ್ತಾ?" ಎಂದರು. ಆಮೇಲೆ ನಾಯಿಯ ಹೊಟ್ಟೆ ಒತ್ತಿ ನೋಡಿ, "ಮತ್ತೆ ಬಿಚ್ಬೇಕು. ಕರುಳು ಎಷ್ಟು ಅಂಟಿದ್ಯೋ. ಉಳಿಯತ್ತೆ ಅಂತ ಹೇಳಲಾರೆ."

ಅವಳು ನಾಯಿಯ ತಲೆ ಸವರಲು ಕೈ ಚಾಚಿದಳು. ಹಿಂದೆಯೇ ಓಡಿ ಬಂದು, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗಳು ನಡುವೆ ಬಂದು ಆ ಕೈ ತಳ್ಳಿದಳು.

"ಮುಟ್ಬೇಡಮ್ಮಾ," ಎಂದಳು.