ಗಿರಿಜಕ್ಕನ ಕೈಯಲ್ಲಿ ನನ್ನ ವಾಚು

ಕೆಲಸಕ್ಕೆ ಬರುವ ಗಿರಿಜಕ್ಕ ದೂರದ ಬೆಟ್ಟದಿಂದ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು ತಂದು ನಮ್ಮ ಕೊಟ್ಟಿಗೆಯ ಎದುರು ಇಳಿಸುವಷ್ಟರಲ್ಲಿ, ಅವಳ ಕೈಯಲ್ಲಿದ್ದ, ಹೆಜ್ಜೆ ಎಣಿಸುವ ನನ್ನ ವಾಚು ನಡುಗಿತು. "ಬಹಳ ಹೊತ್ತಿನಿಂದ ಕುಳಿತೇ ಇದ್ದೀರಿ. ಎದ್ದು ಸ್ವಲ್ಪ ಓಡಾಡಿ" ಎಂದಿತ್ತು. ಅವಳಿಗೆ ಓದಿ ಹೇಳಿದೆ.

"ನಾನು ಕೂತಿದ್ದೆ ಅಂತ ಇದ್ರ ಹತ್ರ ಯಾರಮ್ಮ ಚಾಡಿ ಹೇಳಿದ್ದು?" ಎಂದಳು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ.

ಎಷ್ಟು ಕ್ಯಾಲರಿ ಕರಗೀತು ನೋಡೋಣವೆಂದು ನಾನೇ ಅದನ್ನು ಅವಳಿಗೆ ಕಟ್ಟಿದ್ದೆ. ವಾಚಿನ ಪ್ರಕಾರ ಏನೂ ಕರಗಿರಲಿಲ್ಲ. ಹೊರೆ ಹಿಡಿದ ಕೈ ಅಲುಗುವುದಿಲ್ಲ. ಕೈ ಬೀಸದವರು ನಡೆದೇ ಇಲ್ಲ ಎಂಬುದು ಅದರ ತೀರ್ಮಾನ. ಇದೇ ವಾಚು ಹಿಂದಿನ ದಿನ, ನಿಟ್ಟೂರಿನಿಂದ ಹೊಸನಗರದವರೆಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡಿಕೊಂಡು ಹೋದ ನನಗೆ "ಭೇಷ್, ಇಂದಿನ ಗುರಿ ಮುಟ್ಟಿದಿರಿ" ಎಂದು ಬೆನ್ನು ತಟ್ಟಿತ್ತು. ಅದನ್ನು ನಂಬಿ ಹೋಟೆಲಿನಲ್ಲಿ ಎರಡು ಬನ್ಸ್ ತಿಂದಿದ್ದೆ.

ಗಿರಿಜಕ್ಕ ವಾಚು ಬಿಚ್ಚಿ ನನ್ನ ಕೈಗಿಟ್ಟಳು. "ಇದು ನಿಮ್ಗೇ ಸರಿ ಅಮ್ಮ. 'ಸಾಕು, ಸ್ವಲ್ಪ ಕೂತ್ಕ' ಅನ್ನೋ ವಾಚು ಬಂದ್ರೆ ನಂಗೆ ಹೇಳಿ."

ಅಂಥ ವಾಚು ಇನ್ನೂ ಅಂಗಡಿಗೆ ಬಂದಿಲ್ಲ. ಹನ್ನೊಂದು ವರ್ಷದಿಂದ ನಮ್ಮಲ್ಲಿಗೆ ಬರುತ್ತಿರುವ ಅವಳಿಗೆ ಆ ಮಾತನ್ನು ನಾನೂ ಒಮ್ಮೆಯೂ ಹೇಳಿರಲಿಲ್ಲ. ಈಗ ದಿನವೂ ಹೇಳುತ್ತೇನೆ. ಕೂರುವ ಮೊದಲು ಅವಳು ಅನುಮಾನದಿಂದ ಒಮ್ಮೆ ನನ್ನ ಮುಖ ನೋಡುತ್ತಾಳೆ.