ಅಂಗೈ ಅಳತೆಯ ಮದ್ದು

ಮೊನ್ನೆ ಸೊಸೆ ಒಲೆಯ ಮೇಲೆ ಮೊಟ್ಟೆ ಬೇಯಲು ಇಟ್ಟು ಫೋನಿನಲ್ಲಿ ತವರಿನವರ ಜೊತೆ ಮಾತಿಗೆ ಕೂತಳು. ಅವಳ ಮಾತು ಮುಗಿಯುವಷ್ಟರಲ್ಲಿ ನೀರು ಬತ್ತಿ, ಮೊಟ್ಟೆ ಒಡೆದು, ಮನೆಯಿಡೀ ಗಬ್ಬು ನಾತ ಹಬ್ಬಿತ್ತು. ಅವಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು. ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಮೂಗಿನ ತುಂಬ ಎಳೆದುಕೊಂಡೆ. ಜೆಪ್ಪುವಿನ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ ಅಜ್ಜ ಕೋವಿ ತೊಳೆಯುವಾಗ ಬರುತ್ತಿದ್ದದ್ದು ಇದೇ ವಾಸನೆ. ನಳಿಗೆಯೊಳಕ್ಕೆ ಬಿಸಿನೀರು ಹೊಯ್ದು, ಹಳೆ ಪಂಚೆಯ ಚಿಂದಿ ಸುತ್ತಿದ ಗಜದ ಕೋಲನ್ನು ಮೇಲೆ ಕೆಳಗೆ ಆಡಿಸಿದರೆ ಸುಟ್ಟ ಮದ್ದಿನ ಮಸಿ ಕಪ್ಪು ನೀರಾಗಿ ಇಳಿಯುತ್ತಿತ್ತು. ಒಳಗಿಂದ ಅಮ್ಮ, "ಬಾವಿಕಟ್ಟೆಯಿಂದ ಆಚೆ ಹೋಗಿ ತೊಳೀಲಿಕ್ಕೆ ಎಂತ ಧಾಡಿ?" ಎಂದು ಕೂಗುತ್ತಿದ್ದಳು. ಅಜ್ಜ ಕೇಳಿಸದವರಂತೆ ಇರುತ್ತಿದ್ದರು. ಆ ಬಾವಿಕಟ್ಟೆಯೂ ಇಲ್ಲ, ಕೂಗುವವರೂ ಇಲ್ಲ. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ, ಕೆಟ್ಟ ವಾಸನೆಯೊಂದನ್ನು ನಾನೇಕೆ ಅಷ್ಟು ಹೊತ್ತು ಹಿಡಿದು ನಿಂತೆ ಎಂದು ಕೇಳಲಾರಿರಿ.

ಅಜ್ಜ ಎಂದರೆ ಅಮ್ಮನ ಸೋದರಮಾವ. ನಮ್ಮಲ್ಲಿ ಮನೆಯ ಯಜಮಾನಿಕೆ ಸೋದರಮಾವನದ್ದೇ. ಆದರೆ ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ಅವರ ಯಜಮಾನಿಕೆಯಲ್ಲಿ ಉಳಿದಿದ್ದದ್ದು ಒಂದು ಕೋವಿ ಮಾತ್ರ. ಉಳಿದದ್ದೆಲ್ಲ ಅಮ್ಮನ ಅಣ್ಣ, ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಸಂಕಪ್ಪ ಮಾವನ ಕೈಗೆ ಹೋಗಿತ್ತು. ಮಾವನಿಗೆ ಮನೆಯಲ್ಲಿ ಕೋವಿ ಇರುವುದೇ ಇಷ್ಟವಿರಲಿಲ್ಲ. ಅದು ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬಿಸಿ, ಹಿಂದೆ ಕಿಡಿ ಹತ್ತಿಸುವ ಕೇಪು ಇಟ್ಟು ಹೊಡೆಯುವ ಹಳೇ ಕಾಲದ ಕೋವಿ. ಬಿಕರ್ನಕಟ್ಟೆ ದಾಟಿ ಗಾಡಿಯಲ್ಲಿ ಅರ್ಧ ದಿನದ ದಾರಿಯಲ್ಲಿ, ಗುಡ್ಡದ ಬುಡದಲ್ಲಿ ನಮ್ಮ ಕುಟುಂಬದವರ ಗದ್ದೆಗಳಿದ್ದವು. ಭತ್ತ ಕೊಯ್ದ ಮೇಲೆ ಅಲ್ಲಿ ಉದ್ದು ಹಾಕುತ್ತಿದ್ದರು. ಉದ್ದು ಚಿಗುರಿತೆಂದರೆ ಗುಡ್ಡದಿಂದ ಕಡವೆ ಇಳಿಯುತ್ತಿತ್ತು, ಅಲ್ಲಿಂದ ಅಜ್ಜನಿಗೆ ಕರೆ ಬರುತ್ತಿತ್ತು. ಕರೆ ಬಂದ ದಿನ ಅಜ್ಜನ ಬೆನ್ನು ನೆಟ್ಟಗಾಗುತ್ತಿತ್ತು. ಊಟದ ಎಲೆಯಲ್ಲಿ ಎರಡನೇ ಸಲ ಅನ್ನ ಕೇಳುತ್ತಿದ್ದರು.

ಗುಂಡಿನ ವಿಷಯದಲ್ಲಿ ಅಜ್ಜನದು ಮದುವೆಗೆ ಹುಡುಗಿ ನೋಡುವವರ ಹಾಗೆ ಗತ್ತು. ಕುದ್ರೋಳಿಯ ಮೀನುಗಾರರಿಂದ ಹರಿದ ಬೀಸುಬಲೆಯ ಸೀಸದ ಮಣಿಗಳನ್ನು ತಂದು ಒಂದೊಂದನ್ನೂ ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಹಲ್ಲಿಗೆ ಮೆತ್ತಗೆ ಸಿಕ್ಕಿದ್ದು ಗುಂಡಿಗೆ, ಗಟ್ಟಿಯಿದ್ದದ್ದು ವಾಪಸ್ಸು ಬಲೆಗೆ. ಕರಗಿಸಿ ಅಚ್ಚಿಗೆ ಹೊಯ್ದು, ಆರಿದ ಗುಂಡನ್ನು ಕಲ್ಲಿನ ಮೇಲೆ ಉರುಳಿಸುತ್ತಿದ್ದರು. ಓರೆಯಾಗಿ ಉರುಳಿದ್ದಕ್ಕೆ ಮತ್ತೆ ಬೆಂಕಿಯೇ ಗತಿ. ಹಕ್ಕಿಗೆ, ಮೊಲಕ್ಕೆ ಸಣ್ಣ ಕಾಳಿನಂಥ ಚರೆ. ಕಡವೆಗೆ ಒಂಟಿ ಗುಂಡು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದು. ಮದ್ದಿನ ಅಳತೆಗೆ ಅವರಲ್ಲಿ ಪಾವು ಸೇರು ಇರಲಿಲ್ಲ, ಅಂಗೈಯೇ ಅಳತೆ. ಅಂಗೈಯ ಗುಳಿಯಲ್ಲಿ ಗುಂಡು ಇಟ್ಟು ಮೇಲಿಂದ ಮದ್ದು ಸುರಿಯಬೇಕು. ಗುಂಡು ಪೂರ್ತಿ ಮುಳುಗಿ ಕಾಣದಾದಾಗ ನಿಲ್ಲಿಸಬೇಕು. ಅದು ಕಡವೆಗೆ ಸರಿಯಾದ ಅಳತೆ. "ಹೆಚ್ಚಾದ್ರೆ ಹೆಗಲು ಹೋಗ್ತದೆ, ಕಡಿಮೆಯಾದ್ರೆ ಮಾನ ಹೋಗ್ತದೆ," ಎನ್ನುತ್ತಿದ್ದರು.

ಆ ಗುಂಡು ಮುಳುಗಿದ್ದು ಅಜ್ಜನಿಗೆ ಕಾಣುತ್ತಿರಲಿಲ್ಲ ಎಂಬುದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ದೂರದ್ದು ಅವರಿಗೆ ಗಿಡುಗನಷ್ಟು ಸ್ಪಷ್ಟ. ಆಚೆ ಗುಡ್ಡದ ಮರದಲ್ಲಿ ಕೂತದ್ದು ಯಾವ ಹಕ್ಕಿ ಎಂದು ಹೇಳುತ್ತಿದ್ದರು. ಹತ್ತಿರದ್ದು ಮಾತ್ರ ಬರೀ ಮಸುಕು. ಕನ್ನಡಕ ಹಾಕಿಕೊಳ್ಳಿ ಎಂದರೆ, "ಅದನ್ನು ಸಂಕಪ್ಪ ನೋಡಿದ್ರೆ ಮಾರನೇ ದಿವಸ ಕೋವಿ ಪೊಲೀಸ್ ಸ್ಟೇಷನ್ನಿನಲ್ಲಿ ಉಂಟು," ಎನ್ನುತ್ತಿದ್ದರು. ಹಾಗಾಗಿ ಬೇಟೆಯ ಹಿಂದಿನ ಮಧ್ಯಾಹ್ನ ಮನೆಯವರೆಲ್ಲ ಅಡ್ಡಾದಾಗ ಅಜ್ಜ ಮತ್ತು ನಾನು ಚಾವಡಿಯ ಮೂಲೆಯಲ್ಲಿ ಕೂರುತ್ತಿದ್ದೆವು. ಅವರ ಅಂಗೈ, ನನ್ನ ಕಣ್ಣು. ಅವರು ಸುರಿಯುತ್ತಿದ್ದರು, ಮುಳುಗಿದ ಕೂಡಲೇ ನಾನು "ಸಾಕು" ಎನ್ನುತ್ತಿದ್ದೆ. ಅಳೆದದ್ದನ್ನು ಒಣ ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿಡುವುದೂ ನನ್ನದೇ ಕೆಲಸ. ಒಂಬತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಅಧಿಕಾರ ಯಾವುದಿದೆ? ಶಾಲೆಯಲ್ಲಿ ನಾನು ಯಾರನ್ನೂ ಲೆಕ್ಕಕ್ಕೆ ಇಡುತ್ತಿರಲಿಲ್ಲ.

ಆ ವರ್ಷ ಕರೆ ಬಂದಾಗ ಅಜ್ಜನಿಗೆ ಅದೇ ಮಧ್ಯಾಹ್ನ ಲೈಸೆನ್ಸಿನ ಕೆಲಸಕ್ಕೆ ಕಚೇರಿಗೆ ಹೋಗಬೇಕಾಗಿ ಬಂತು. ಹೊರಡುವಾಗ ನನ್ನನ್ನು ಕರೆದು, "ಅಮ್ಮನ ಕೈ ನನ್ನಷ್ಟೇ ಅಗಲ ಉಂಟು. ಅವಳ ಅಂಗೈಯಲ್ಲಿ ಮೂರು ಅಳತೆ ಅಳೆದು ಇಡು ಮಗಾ," ಎಂದರು. ನಾನು ಹೋಗಿ ನೋಡಿದರೆ ಅಮ್ಮ ಬೂತಾಯಿ ಮೀನು ಕೊಯ್ಯುತ್ತಿದ್ದಳು, ಎರಡೂ ಕೈ ಒದ್ದೆ. ಅರ್ಧ ಗಂಟೆ ಕಾಯಬಹುದಿತ್ತು. ಕಾಯಲಿಲ್ಲ. ಕೈ ಒದ್ದೆ ಎಂಬುದು ಬರೀ ನೆಪ, ನಿಜ ಹೇಳುತ್ತೇನೆ. ಒಂದು ಸಲ ಆ ಮದ್ದು ನನ್ನ ಅಂಗೈ ಮೇಲೆ ಬೀಳಬೇಕು, ಸುರಿಯುವವಳೂ ಸಾಕು ಎನ್ನುವವಳೂ ನಾನೇ ಆಗಬೇಕು ಎಂಬ ಆಸೆ ಎಷ್ಟೋ ದಿನದಿಂದ ಇತ್ತು. ಗುಂಡು ಇಟ್ಟುಕೊಂಡು ಕೈ ಮಡಚಿದೆ. ಬೇಗ ಮುಳುಗಿತು. ಮೂರು ಪೊಟ್ಟಣ ಕಟ್ಟಿದೆ. ಚಿಕ್ಕ ಕೈಯ ಚಿಕ್ಕ ಗುಳಿಯಲ್ಲಿ ಗುಂಡು ಮುಚ್ಚಲು ಸ್ವಲ್ಪವೇ ಮದ್ದು ಸಾಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಸಂಜೆ ಬಂದು ಅಜ್ಜ ಪೊಟ್ಟಣಗಳನ್ನು ಕೈಯಲ್ಲಿ ತೂಗಿ ನೋಡಿದರು. ಮತ್ತೊಮ್ಮೆ ತೂಗಿ, "ಅಮ್ಮನ ಕೈಯದ್ದೇ ಅಲ್ವಾ?" ಎಂದು ಕೇಳಿದರು.

"ಹೌದು," ಎಂದೆ.

ಅಜ್ಜ ನನ್ನ ಮಾತು ನಂಬಿದರು, ತಮ್ಮ ಕೈ ಹೇಳಿದ್ದನ್ನು ಬಿಟ್ಟರು. ಮಾರನೇ ದಿನ ಬೇಟೆಗೆ ಹೊರಟಾಗ ಗದ್ದೆಯ ಲೆಕ್ಕ ನೋಡಲು ಸಂಕಪ್ಪ ಮಾವನೂ ಜೊತೆಗೆ ಹೋದ. ನಾಲ್ಕನೇ ದಿನ ಇಬ್ಬರೂ ತಿರುಗಿ ಬಂದಾಗ ಗಾಡಿಯಲ್ಲಿ ಮಾಂಸ ಇರಲಿಲ್ಲ. ಚಾವಡಿಯಲ್ಲಿ ಎಲ್ಲರೆದುರು ಮಾವ ಹೇಳಿದ. ಗುಂಡು ತಗಲಿದ ಕಡವೆ ಮೊಣಕಾಲೂರಿ ಬಿದ್ದು, ಎದ್ದು, ಕುಂಟುತ್ತ ಗುಡ್ಡ ಹತ್ತಿತಂತೆ. ಅಜ್ಜನನ್ನು ಗದ್ದೆಯ ಹತ್ತಿರ ಬಿಟ್ಟು ಮಾವನೂ ಊರವರೂ ಹುಡುಕಿದರಂತೆ, ಮೂರನೇ ದಿನ ಕಾಗೆಗಳು ತೋರಿಸಿಕೊಟ್ಟವಂತೆ. ತೋಡಿನ ಬದಿಯಲ್ಲಿ ಇನ್ನೂ ಜೀವ ಇಟ್ಟುಕೊಂಡು ಮಲಗಿತ್ತಂತೆ, ಗಾಯದಲ್ಲಿ ಹುಳ ಆಗಿತ್ತಂತೆ. ಕೊನೆಗೆ ಕತ್ತಿಯಿಂದ ಮುಗಿಸಬೇಕಾಯಿತಂತೆ. "ನೀರಿನ ಹತ್ತಿರ ಇದ್ದೂ ಅದಕ್ಕೆ ಕುಡೀಲಿಕ್ಕೆ ಆಗ್ಲಿಲ್ಲ ಮಾರಾಯ್ರೆ," ಎಂದ ಮಾವ. "ಊರವರೆಲ್ಲ ಹೇಳ್ತಾರೆ, ಮುದುಕನಿಗೆ ಕಣ್ಣು ಕಾಣುದಿಲ್ಲ, ಇನ್ನೂ ಎಂತಕ್ಕೆ ಕೋವಿ ಅಂತ." ಹಾಗೆನ್ನುತ್ತ ಪಂಚೆಯ ಮಡಿಕೆಯಿಂದ ಗುಂಡನ್ನು ತೆಗೆದು ಅಜ್ಜನ ಮುಂದೆ ಇಟ್ಟ.

ಅಜ್ಜ ಅದನ್ನು ಬೆರಳುಗಳ ನಡುವೆ ತಿರುಗಿಸಿದರು. "ಎಲ್ಲಿ ಇತ್ತು?" ಎಂದರು. "ಹೆಗಲಿನಲ್ಲಿ. ಮೂಳೆಗೆ ತಾಗಿ ಚಪ್ಪಟೆಯಾಗಿ ಅಲ್ಲೇ ನಿಂತಿತ್ತು, ಚರ್ಮದ ಅಡಿಯಲ್ಲೇ." ಗುರಿ ಇಟ್ಟ ಜಾಗಕ್ಕೇ ಬಿದ್ದಿತ್ತು ಗುಂಡು. ಅದಕ್ಕೆ ಒಳಗೆ ಹೋಗುವ ಬಲ ಸಾಲಲಿಲ್ಲ ಅಷ್ಟೆ. ಗುಮಾಸ್ತನಾದ ಮಾವನಿಗೆ ಅದು ತಿಳಿಯದು, ಅಜ್ಜನಿಗೆ ತಿಳಿಯದೆ ಇದ್ದೀತೇ? ಅವರು ತಲೆ ಎತ್ತಿದರು. ನಾನು ಅಮ್ಮನ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ದೂರದ್ದು ಚೆನ್ನಾಗಿ ಕಾಣುವ ಆ ಕಣ್ಣುಗಳು ನನ್ನ ಮೇಲೆ ನಿಂತವು. ಈಗ ಹೇಳುತ್ತಾರೆ ಎಂದುಕೊಂಡೆ. ನಾನೇ ಹೇಳಬೇಕು ಎಂದೂ ಅನ್ನಿಸಿತು, ಆದರೆ ಅಮ್ಮನ ಬೆನ್ನ ಹಿಂದೆ ಸರಿದೆ. ಅಜ್ಜ ಗುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೌದು ಮಾರಾಯ, ಕಣ್ಣು ಹೋಯ್ತು. ಕೋವಿ ಕೊಟ್ಟು ಬಿಡುವ," ಎಂದರು.

ಮಾರನೇ ದಿನ ಕೋವಿ ಸ್ಟೇಷನ್ನಿಗೆ ಹೋಯಿತು. ಗೋಡೆಯಲ್ಲಿ ಅದರ ಉದ್ದಕ್ಕೆ ಒಂದು ಬಿಳಿ ಗುರುತು ಉಳಿಯಿತು. ಅಜ್ಜ ಅದರ ಕೆಳಗೇ ಕೂರುತ್ತಿದ್ದರು, ಎರಡನೇ ಸಲ ಅನ್ನ ಕೇಳುತ್ತಿರಲಿಲ್ಲ. ಮನೆಗೆ ಬಂದವರು ಕೈ ಹಿಡಿದು ಮೆಟ್ಟಿಲು ಇಳಿಸಲು ಬರುತ್ತಿದ್ದರು, ಕಾಣುವ ಕಣ್ಣಿಟ್ಟುಕೊಂಡು ಅಜ್ಜ ಕೈ ಕೊಡುತ್ತಿದ್ದರು. ಅದನ್ನು ನೋಡಲಾರದೆ ನಾನು ಹಿತ್ತಿಲಿಗೆ ಓಡುತ್ತಿದ್ದೆ. ಅವರು ನನ್ನ ಮೇಲೆ ಒಮ್ಮೆಯೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನು ಅತ್ತು, ಹೇಳಿ, ಹಗುರಾಗುತ್ತಿದ್ದೆನೋ ಏನೋ.

ನಾಲ್ಕು ವರ್ಷ ಹೀಗೆ ಕಳೆಯಿತು. ಅಜ್ಜ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಗಂಜಿ ಒಯ್ದೆ. ತಲೆದಿಂಬಿನ ಅಡಿಯಿಂದ ಅದೇ ಚಪ್ಪಟೆ ಗುಂಡನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಅಡುಗೆಮನೆಯಿಂದ ಸಾಸಿವೆ ತರಿಸಿ, ಅದರ ಮೇಲೆ ಸುರಿದರು. ಸುರಿಯುತ್ತಲೇ ಇದ್ದರು. ಗುಂಡು ಮುಳುಗುವಷ್ಟರಲ್ಲಿ ನನ್ನ ಅಂಗೈ ತುಂಬಿತ್ತು. "ಈಗ ಕೈ ಅಗಲ ಆಗಿದೆ ಮಗಾ," ಎಂದರು. ಆಮೇಲೆ ಕಾದರು. ಅವರು ಕಾದದ್ದು ಯಾವುದಕ್ಕೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಹದಿಮೂರು ವರ್ಷಕ್ಕೆ ಅಷ್ಟು ಗೊತ್ತಾಗುತ್ತದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದೇ ಮಾತು ಸಾಕಿತ್ತು.

"ಗಂಜಿ ಆರ್ತದೆ ಅಜ್ಜ," ಎಂದೆ.

ಆ ಗುಂಡು ಈಗ ನನ್ನ ಕಪಾಟಿನಲ್ಲಿದೆ. ಮೊನ್ನೆ ಮೊಟ್ಟೆಯ ವಾಸನೆ ಹೋದ ಮೇಲೆ ಅದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದೆ. ಸೊಸೆ ಬಂದು, "ಅದು ಎಂತ ಅತ್ತೆ?" ಎಂದು ಕೇಳಿದಳು. ಬಲೆಯ ಸೀಸ ಎಂದು ಹೇಳಿ ಮುಷ್ಟಿ ಮುಚ್ಚಿದೆ.